ಕೇರಾಫ್

ನಮ್ಮ ಕಡೆ ಜಗಳ ತಾರಕಕ್ಕೇರಿದಾಗ ಒಂದು ಮಾತು ಬರುತ್ತದೆ. "ಅಡ್ರೆಸ್ಸಿಗೇ ಇಲ್ಲದಂಗೆ ಮಾಡ್ತೀನಿ, ನೋಡ್ತಿರು!" ಕೈಕಾಲು ಮುರಿಯುತ್ತೇನೆ ಎನ್ನುವುದಕ್ಕಿಂತ ಇದು ದೊಡ್ಡ ಬೆದರಿಕೆ. ಕೈಕಾಲು ಮುರಿದುಕೊಂಡವರನ್ನು ನೋಡಲು ಎಳನೀರು, ಬ್ರೆಡ್ಡು ಹಿಡಿದುಕೊಂಡು ನಾಲ್ಕು ಜನ ಬರುತ್ತಾರೆ. ವಿಳಾಸವೇ ಇಲ್ಲದವರ ಹತ್ತಿರ ಬರಬೇಕೆಂದರೂ ಎಲ್ಲಿಗೆ ಬರುವುದು?

ಹೆಣ್ಣುಮಕ್ಕಳಿಗೆ ಈ ಮಾತು ಸ್ವಲ್ಪ ಬೇಗ ಅರ್ಥವಾಗುತ್ತದೆ. ಮದುವೆಗೆ ಮುಂಚೆ ನನಗೆ ಬರುತ್ತಿದ್ದ ಕಾಗದಗಳ ಮೇಲೆ ಕೇರಾಫ್ ಅಪ್ಪನ ಹೆಸರು, ಗುಬ್ಬಿ, 572216. ಮದುವೆಯಾದ ಮೇಲೆ ಕೇರಾಫ್ ಗಂಡನ ಹೆಸರು, ತುಮಕೂರು, 572101. ಬಿ.ಇಡಿ. ಓದುವಾಗಿನ ಗೆಳತಿ ಕುಣಿಗಲ್ಲಿನಿಂದ ಬರೆದ ಇನ್‌ಲ್ಯಾಂಡ್ ಕಾಗದ ಮೊದಲು ಮಾವನವರ ಕೈಗೆ ಹೋಗಿ, ಅವರು ಕನ್ನಡಕ ಹುಡುಕಿ ಹಾಕಿಕೊಂಡು ಹೆಸರು ಓದಿ, "ಇದು ನಿನಗಂತೆ ಕಣಮ್ಮ" ಎಂದು ಕೊಟ್ಟ ಮೇಲೆ ನನ್ನ ಕೈಗೆ ಬರಬೇಕಿತ್ತು. ಪಾಪ, ಅವರು ಒಂದು ಕಾಗದವನ್ನೂ ಒಡೆದು ಓದಿದವರಲ್ಲ. ಆದರೂ ನೋಡಿ, ನಾನು ಯಾರಿಗೆ ಬೇಕಾದರೂ ಬರೆಯಬಹುದಿತ್ತು. ನನಗೆ ಬರಬೇಕಾದದ್ದು ಮಾತ್ರ ಇನ್ನೊಬ್ಬರ ಹೆಸರಿನ ಬಾಗಿಲಲ್ಲಿ ನಿಂತು ಬರಬೇಕಿತ್ತು. ಹೊರಗೆ ಹೋಗುವ ಸ್ವಾತಂತ್ರ್ಯ ಒಂದು, ಒಳಗೆ ಬರಮಾಡಿಕೊಳ್ಳುವ ಸ್ವಾತಂತ್ರ್ಯ ಇನ್ನೊಂದು. ಮೊದಲನೆಯದು ಸಿಕ್ಕಿದರೆ ಎರಡನೆಯದೂ ಸಿಕ್ಕಿತೆಂದೇ ಜನ ತಿಳಿಯುತ್ತಾರೆ.

ಈ ಹಳೆಯ ಕೇರಾಫ್ ಸಂಗತಿ ನನಗೆ ಮತ್ತೆ ನೆನಪಾದದ್ದು ಮಕ್ಕಳ ಕಂಪ್ಯೂಟರ್ ಆಟದ ದೆಸೆಯಿಂದ ಎಂದರೆ ನಗಬೇಡಿ.

ಗುಬ್ಬಿಯಲ್ಲಿ ನನ್ನ ಅಣ್ಣನ ಮಗ ಪಿಯುಸಿ ಓದುತ್ತಿದ್ದಾನೆ. ಮೈನ್‌ಕ್ರಾಫ್ಟ್ ಎಂಬ ಆಟದ ಹುಚ್ಚು. ಇಟ್ಟಿಗೆಯಂಥ ಚೌಕಗಳನ್ನು ಜೋಡಿಸಿ ಮನೆ, ಕೆರೆ, ಕೋಟೆ ಕಟ್ಟುವ ಆಟ ಅದು. ಹೊಡೆದಾಟ ಬಡಿದಾಟವೇ ಇರುವ ಉಳಿದ ಆಟಗಳಿಗಿಂತ ವಾಸಿ ಎಂದು ನನ್ನ ಅಭಿಪ್ರಾಯ. ಒಬ್ಬೊಬ್ಬರೇ ಆಡಬಹುದು; ಆದರೆ ನಾಲ್ಕಾರು ಜನ ಸೇರಿ ಒಂದೇ ಊರು ಕಟ್ಟುವುದರಲ್ಲೇ ರುಚಿ. ಹಾಗೆ ಸೇರಬೇಕಾದರೆ ಯಾರಾದರೂ ಒಬ್ಬರ ಕಂಪ್ಯೂಟರಿನಲ್ಲಿ ಆ ಊರು ಇರಬೇಕು, ಉಳಿದವರು ಅಲ್ಲಿಗೆ ಹೋಗಬೇಕು. ಊರನ್ನು ಇಟ್ಟುಕೊಂಡು ಕಾಯುವ ಆ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ, ಹಬ್ಬಕ್ಕೆ ನಮ್ಮ ಮನೆಗೇ ಎಲ್ಲರೂ ಬನ್ನಿ ಎಂದು ಕರೆಯುವ ಮನೆ.

ನಮ್ಮ ಹುಡುಗ ಅಂಗಡಿಯೊಬ್ಬರು ಬಿಸಾಡಲು ಇಟ್ಟಿದ್ದ ಹಳೇ ಕಂಪ್ಯೂಟರ್ ತಂದು, ಬೇಸಿಗೆ ರಜೆಯೆಲ್ಲ ಅದರ ಮುಂದೆ ಕೂತು ಸರ್ವರ್ ಹೂಡಿದ. ತುಮಕೂರಿನ ಇಬ್ಬರು ಗೆಳೆಯರು, ಕುಣಿಗಲ್ಲಿನಲ್ಲಿರುವ ನನ್ನ ನಾದಿನಿಯ ಮಗ, ಅವನ ಶಾಲೆಯ ಮೂವರು, ಎಲ್ಲರಿಗೂ ಕರೆ ಹೋಯಿತು. ಮನೆಗೆ ಫೈಬರ್ ಸಂಪರ್ಕವಿದೆ, ಸಿನಿಮಾ ನೋಡಿದರೆ ಎಲ್ಲೂ ನಿಲ್ಲುವುದಿಲ್ಲ. ಆದರೆ ಬಂದವರು ಒಬ್ಬರೂ ಇಲ್ಲ. ಒಬ್ಬರಿಗೂ ಬಾಗಿಲೇ ಸಿಗಲಿಲ್ಲ.

ನಾನು ತೌರಿಗೆ ಹೋಗಿದ್ದಾಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. "ಏನಾಯ್ತೋ?" ಎಂದೆ. "ನಮ್ಮನೆಗೆ ಅಡ್ರೆಸ್ಸೇ ಇಲ್ಲ ಅತ್ತೆ" ಎಂದ.

ಇದೆಂಥ ಮಾತು ಎನ್ನಿಸಿತು. ನಾನು ಬಿ.ಎ. ಓದಿ ಸಮಾಜವಿಜ್ಞಾನ ಹೇಳಿಕೊಡುವವಳು, ಕಂಪ್ಯೂಟರಿನ ಒಳಗು ನನಗೆ ತಿಳಿಯದು. ಆದರೆ ಹುಡುಗ ನಾಲ್ಕು ದಿನ ಕೂರಿಸಿಕೊಂಡು ಹೇಳಿದ್ದನ್ನು, ಆಮೇಲೆ ನಾನೇ ಓದಿಕೊಂಡದ್ದನ್ನು ಸೇರಿಸಿ ನಿಮಗೂ ಹೇಳುತ್ತೇನೆ. ಯಾಕೆಂದರೆ ಇದು ಆಟದ ವಿಷಯದಂತೆ ಕಂಡರೂ ಆಟದ್ದಲ್ಲ.

ಇಂಟರ್‌ನೆಟ್ಟಿನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಸಂಖ್ಯೆ ಇರಬೇಕು. ಅದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಅಮೆರಿಕದ ವಿಂಟ್ ಸರ್ಫ್ ಮತ್ತು ಅವರ ಸಂಗಡಿಗರು 1977ರ ಸುಮಾರಿಗೆ, ಈ ಸಂಖ್ಯೆ ಎಷ್ಟು ಉದ್ದ ಇರಬೇಕೆಂದು ವಾದ ಮಾಡಿ ಮಾಡಿ, ಹೇಗೂ ಪ್ರಯೋಗ ತಾನೇ ಎಂದು 32 ಬಿಟ್ ಸಾಕೆಂದು ತೀರ್ಮಾನಿಸಿದರು. ಅಂದರೆ ಒಟ್ಟು 429 ಕೋಟಿ ಚಿಲ್ಲರೆ ವಿಳಾಸಗಳು. ಆಗ ಭೂಮಿಯ ಮೇಲಿದ್ದ ಜನಸಂಖ್ಯೆಯೇ ಸುಮಾರು ಅಷ್ಟು. ತಲೆಗೊಂದು ಎಂದಿಟ್ಟುಕೊಂಡರೂ ಸಾಲುತ್ತಿತ್ತು. ಕಂಪ್ಯೂಟರೋ ಇಡೀ ವಿಶ್ವವಿದ್ಯಾಲಯಕ್ಕೆ ನಾಲ್ಕೈದು. 1981ರಲ್ಲಿ ಅದೇ ನಿಯಮವಾಯಿತು. ಪ್ರಯೋಗ ಮುಗಿಯಲೇ ಇಲ್ಲ, ಲೋಕವೇ ಅದರೊಳಗೆ ಬಂದು ಸಂಸಾರ ಹೂಡಿತು.

ಮೊದಮೊದಲು ಕೇಳಿದವರಿಗೆ ಕೇಳಿದಷ್ಟು ಕೊಟ್ಟರು. ಅಮೆರಿಕದ ಎಂ.ಐ.ಟಿ. ಎಂಬ ಒಂದೇ ವಿದ್ಯಾಸಂಸ್ಥೆಗೆ 1 ಕೋಟಿ 67 ಲಕ್ಷ ಸಂಖ್ಯೆಗಳು. ಕಾರು ಮಾಡುವ ಫೋರ್ಡ್ ಕಂಪನಿಗೂ ಅಷ್ಟೇ. ಕಂಪ್ಯೂಟರ್ ಮಾಡುವ ಆಪಲ್‌ಗೂ ಅಷ್ಟೇ. ಯಾರೂ ಕದ್ದದ್ದಲ್ಲ, ಮೋಸವೂ ಅಲ್ಲ. ದೊಡ್ಡ ಪಾತ್ರೆ ತಂದವರಿಗೆ ದೊಡ್ಡ ಪಾತ್ರೆ ತುಂಬ. ನಮ್ಮ ದೇಶದ ಸಾಮಾನ್ಯ ಜನಕ್ಕೆ ಇಂಟರ್‌ನೆಟ್ ಬಂದದ್ದೇ 1995ರ ಆಗಸ್ಟ್ 15ಕ್ಕೆ. ಗುಬ್ಬಿಗೆ ಬರುವ ಹೊತ್ತಿಗೆ ಪಂಕ್ತಿ ಎದ್ದಿತ್ತು. 2011ರ ಫೆಬ್ರವರಿ 3ರಂದು ಜಗತ್ತಿನ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಐದು ಮೂಟೆಗಳನ್ನು ಐದು ಭೂಭಾಗಗಳಿಗೆ ಒಂದೊಂದರಂತೆ ಹಂಚಿ ಕೈ ಝಾಡಿಸಿಬಿಟ್ಟರು. ಅದೇ ವರ್ಷ ಏಪ್ರಿಲ್ 15ಕ್ಕೆ ಏಷ್ಯಾ ಭಾಗದವರು ತಮ್ಮ ಆ ಕೊನೆಯ ಮೂಟೆಗೆ ಕೈ ಹಾಕಬೇಕಾಯಿತು, ಐವರಲ್ಲಿ ಎಲ್ಲರಿಗಿಂತ ಮೊದಲು. ಅಂದಿನಿಂದ ಹೊಸ ಕಂಪನಿ ಎಷ್ಟು ದೊಡ್ಡದಿರಲಿ, ಆ ಮೂಟೆಯಿಂದ 1,024 ಸಂಖ್ಯೆ ಮಾತ್ರ. 2019ರಿಂದ ಅದೂ ಇಳಿದು 512. ಅಮೆರಿಕದವರ ಹತ್ತಿರ ನೂರೈವತ್ತು ಕೋಟಿಗೂ ಹೆಚ್ಚು ವಿಳಾಸಗಳಿದ್ದರೆ 140 ಕೋಟಿ ಜನರ ನಮ್ಮಲ್ಲಿ ನಾಲ್ಕು ಕೋಟಿಯ ಆಸುಪಾಸು.

ಹಾಗಾದರೆ ನಮ್ಮ ಮನೆಗಳಲ್ಲಿ ಇಂಟರ್‌ನೆಟ್ ಹೇಗೆ ನಡೆಯುತ್ತಿದೆ ಎಂದು ಕೇಳುತ್ತೀರಿ. ವಠಾರದ ಪದ್ಧತಿಯಲ್ಲಿ. ಹಿಂದೆ ತುಮಕೂರಿನ ಪೇಟೆ ಬೀದಿಗಳಲ್ಲಿ ಒಂದೇ ಹೆಬ್ಬಾಗಿಲು, ಒಳಗೆ ಹತ್ತು ಸಂಸಾರ ಇರುವ ವಠಾರಗಳಿದ್ದವು, ನೆನಪಿದೆಯಲ್ಲ? ಊರಿಗೆಲ್ಲ ಗೊತ್ತಿರುವ ಡೋರ್ ನಂಬರ್ ಒಂದೇ. ಅದೇ ರೀತಿ ಇಂಟರ್‌ನೆಟ್ ಕಂಪನಿ ನೂರಾರು ಮನೆಗಳನ್ನು ಒಂದೇ ಹೊರಗಿನ ಸಂಖ್ಯೆಯ ಹಿಂದೆ ಕೂರಿಸುತ್ತದೆ. ಒಳಗಿನ ಮನೆಗಳಿಗೆ ಒಳಗೇ ನಡೆಯುವ ಸಂಖ್ಯೆಗಳು, 100.64ರಿಂದ ಶುರುವಾಗುವ ಸುಮಾರು 42 ಲಕ್ಷ ಸಂಖ್ಯೆಗಳನ್ನು 2012ರಲ್ಲಿ ಇದಕ್ಕೆಂದೇ ಎತ್ತಿಟ್ಟರು. ನೀವು ಸಿನಿಮಾ ಕೇಳಿದರೆ ಹೆಬ್ಬಾಗಿಲಿನ ಕಾವಲುಗಾರ, "ಇದು ಮೂರನೇ ಮನೆಯವರು ಕೇಳಿದ್ದು" ಎಂದು ಗುರುತು ಹಾಕಿಕೊಳ್ಳುತ್ತಾನೆ. ಸಿನಿಮಾ ಬಂದಾಗ ಮೂರನೇ ಮನೆಗೆ ಕೊಡುತ್ತಾನೆ. ಎಲ್ಲ ಸಲೀಸು. ಆದರೆ ನೀವು ಏನೂ ಕೇಳದೆ, ಹೊರಗಿನವರೇ ಮೊದಲು ಬಂದು "ಆಟದ ಹುಡುಗನ ಮನೆ ಯಾವುದು?" ಎಂದರೆ ಕಾವಲುಗಾರನಿಗೆ ಗೊತ್ತಿಲ್ಲ. ಬಂದವರನ್ನು ಹಾಗೇ ಕಳಿಸಿಬಿಡುತ್ತಾನೆ. ನಮ್ಮ ಮನೆಯೊಳಗಿನ ರೂಟರೂ ಇಂಥದೇ ಒಂದು ಬಾಗಿಲು. ಅದಕ್ಕೆ, "25565ನೇ ಕಿಂಡಿಗೆ ಬಂದವರನ್ನು ಈ ಕಂಪ್ಯೂಟರಿಗೆ ಬಿಡು" ಎಂದು ಹೇಳಿಡಬಹುದು, ಹುಡುಗ ಹೇಳಿಟ್ಟಿದ್ದ. ಹೆಬ್ಬಾಗಿಲು ಮಾತ್ರ ಕಂಪನಿಯವರ ಕೈಯಲ್ಲಿ. ಅಲ್ಲಿ ಇವನ ಮಾತು ನಡೆಯುವುದಿಲ್ಲ.

ಕೇರಾಫ್ ಎಂದರೆ ಇದೇ ಅಲ್ಲವೇ?

ಕಂಪನಿಗೆ ಫೋನು ಮಾಡಿದರೆ, ಪ್ರತ್ಯೇಕ ವಿಳಾಸ ಬೇಕೆಂದರೆ ತಿಂಗಳಿಗೆ ಬೇರೆ ದುಡ್ಡು ಕಟ್ಟಿ ಎಂದರು. ಅಣ್ಣ, "ಸಂಖ್ಯೆಗೆ ದುಡ್ಡೇ? ನಾಳೆ ಮನೆ ನಂಬರಿಗೂ ಬಾಡಿಗೆ ಕೇಳ್ತಾರೆ" ಎಂದು ರೇಗಿದ. ಕೊನೆಗೆ ಹುಡುಗರೆಲ್ಲ ಸೇರಿ ಮುಂಬೈಯಲ್ಲಿರುವ ಒಂದು ಬಾಡಿಗೆ ಯಂತ್ರದಲ್ಲಿ ತಮ್ಮ ಊರನ್ನು ಇಟ್ಟರು. ಅಲ್ಲೂ ಅದೇ ಕಥೆ. ಅಗ್ಗದ ಬಾಡಿಗೆಯಲ್ಲಿ ಒಂದೇ ವಿಳಾಸದ ಮೇಲೆ ಹತ್ತಾರು ಸರ್ವರುಗಳನ್ನು ಕೂರಿಸಿರುತ್ತಾರೆ; 25565ನೇ ಕಿಂಡಿ ಯಾರೋ ಮೊದಲು ಬಂದವರ ಪಾಲು, ನಿಮಗೆ ಐದಂಕಿಯ ಇನ್ಯಾವುದೋ ಕಿಂಡಿ. ಸ್ವಂತದ್ದೇ ಬೇಕೆಂದರೆ ಹೆಚ್ಚು. ಅಮೆಜಾನಿನಂಥ ಅಮೆಜಾನ್ ಕೂಡ ತನ್ನ ಯಂತ್ರಗಳನ್ನು ಬಾಡಿಗೆಗೆ ಪಡೆದವರಿಂದ 2024ರ ಫೆಬ್ರವರಿ 1ರಿಂದ ಪ್ರತಿ ಹಳೇ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ವಸೂಲಿ ಮಾಡುತ್ತಿದೆ. ಗಂಟೆಗೆ ಅರ್ಧ ಸೆಂಟ್ ಎಂದರೆ ಏನೂ ಅಲ್ಲವೆನ್ನಿಸುತ್ತದೆ; ಹಗಲೂ ರಾತ್ರಿ ಎಣಿಸಿದರೆ ತಿಂಗಳಿಗೆ ಮುನ್ನೂರು ರೂಪಾಯಿ. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕಿಲ್ಲ. ಪಾಕೆಟ್ ಮನಿಯಲ್ಲಿ ಊರು ಕಟ್ಟುವ ಹುಡುಗರಿಗೆ ಅದು ದೊಡ್ಡ ಮೊತ್ತ.

ನಮ್ಮ ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದೆ. ಊಟದ ಡಬ್ಬಿ ತೆರೆದಾಗ ಎತ್ತುವ ವಿಷಯಗಳಿಗೆ ಒಂದು ಗುಣವಿದೆ, ಬೇಗ ಹೇಮಾವತಿಗೆ ಬಂದು ನಿಲ್ಲುತ್ತವೆ. ಹಾಗೇ ಆಯಿತು. ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಗೊರೂರಿನಿಂದ ಬರುವ ನೀರು ಗುಬ್ಬಿಯನ್ನು ಮೊದಲು ಕಾಣುತ್ತದೆ, ಕುಣಿಗಲ್ಲು ನಾಲೆಯ ಕೊನೆ. ಕುಣಿಗಲ್ಲಿಗೆ ನೇರವಾಗಿ ಬೇರೆ ಕೊಳವೆಯಲ್ಲಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಕೆನಾಲ್ ಕೆಲಸಕ್ಕೆ 2025ರ ಮೇ ತಿಂಗಳಲ್ಲಿ ಗುಬ್ಬಿ ಕಡೆಯ ರೈತರು ಬೀದಿಗಿಳಿದರು. ನನ್ನ ತೌರು ಗುಬ್ಬಿ, ನಾದಿನಿಯ ಮನೆ ಕುಣಿಗಲ್ಲು. ನಾನು ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಬರುವ ಅದೇ ನೀರು. ಆದ್ದರಿಂದ ನಾನು ಈ ವಾದದಲ್ಲಿ ಬಾಯಿ ಬಿಡುವುದು ಕಡಿಮೆ. "ಮೇಲಿನವರು ಕುಡಿದು ಮಿಕ್ಕಿದ್ದು ಕೆಳಗಿನವರಿಗೆ, ಇದು ಎಲ್ಲ ಕಡೆ ಇರೋದೇ ಮೇಡಂ" ಎಂದರು ಅರ್ಥಶಾಸ್ತ್ರ ಓದಿದ ಸಹೋದ್ಯೋಗಿ.

ಆದರೆ ನನಗೆ ಅಲ್ಲೇ ಒಂದು ವ್ಯತ್ಯಾಸ ಕಂಡಿತು. ನೀರಿಗೆ ಮಳೆ ಬೇಕು. ಗುಬ್ಬಿಯ ತೆಂಗಿಗೆ ಹೋದ ನೀರು ಕುಣಿಗಲ್ಲಿನ ಕೆರೆಗೆ ಇಲ್ಲ. ಅಲ್ಲಿ ಇಬ್ಬರ ಕಷ್ಟವೂ ನಿಜ. ಸಂಖ್ಯೆಗೆ ಯಾವ ಮಳೆ ಬೇಕು? ಎಣಿಕೆ ಮುಗಿದುಹೋಯಿತು ಎಂದು ಒಂದನೇ ತರಗತಿ ಮಗುವಿನ ಮುಂದೆ ಹೇಳಿ ನೋಡಿ, ನಗುತ್ತದೆ. ಮನುಷ್ಯರೇ ಗೆರೆ ಎಳೆದು ಮಾಡಿಕೊಂಡ ಬರ ಇದು. ಬರ ಮನುಷ್ಯ ಮಾಡಿದ್ದಾದರೆ ಮೊದಲು ಬಂದವರ ಹಕ್ಕು ಎಲ್ಲಿಯವರೆಗೆ?

ಉತ್ತರ ಒಂದೇ ಥರ ಬಂದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2000ದ ಸುಮಾರಿನಲ್ಲಿ ತನ್ನ 1 ಕೋಟಿ 67 ಲಕ್ಷದ ಮೂಟೆಯನ್ನು ಸುಮ್ಮನೆ ವಾಪಸು ಕೊಟ್ಟಿತು. ಬೇರೆಯವರಿಗೆ ಬೇಕಾಗಬಹುದು, ನಮಗೆ ಇಷ್ಟು ಬೇಡ ಎಂದು. ನಾರ್ಟೆಲ್ ಎಂಬ ಕಂಪನಿ ದಿವಾಳಿಯಾದಾಗ, 2011ರಲ್ಲಿ, ಅದರ ಹತ್ತಿರವಿದ್ದ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರಿಗೆ ಕೊಂಡಿತು. ಪುಕ್ಕಟೆ ಬಂದದ್ದಕ್ಕೆ ಬೆಲೆ ಬಂದದ್ದು ಆವಾಗಲೇ ಲೋಕಕ್ಕೆ ತಿಳಿದದ್ದು. 2017ರಲ್ಲಿ ಎಂ.ಐ.ಟಿ. ತನ್ನ ಮೂಟೆಯ ದೊಡ್ಡ ಪಾಲನ್ನು ಮಾರಿತು. ಕೊಂಡವರಲ್ಲಿ ಅಮೆಜಾನ್ ಕೂಡ. ಈಗ ಅದೇ ಅಮೆಜಾನ್ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಎತ್ತುತ್ತಿದೆ.

ಸಹೋದ್ಯೋಗಿ ಇದನ್ನು ಒಪ್ಪಲಿಲ್ಲ. "ಮಾರಿದ್ದರಿಂದಲೇ ಮೂಲೆಯಲ್ಲಿ ಬಿದ್ದಿದ್ದು ಬೇಕಾದವರ ಕೈಗೆ ಹೋಯ್ತು. ಸುಮ್ಮನೆ ಕೊಡಿ ಅಂದಿದ್ರೆ ಎಷ್ಟು ಜನ ಕೊಡ್ತಿದ್ರು?" ಎಂದರು. ಅವರ ಮಾತಿನಲ್ಲಿ ಸತ್ಯವಿದೆ, ಇಲ್ಲವೆನ್ನಲಾರೆ. ಸ್ಟ್ಯಾನ್‌ಫರ್ಡಿನಂಥವರು ಕೆಲವರೇ. ಆದರೂ ಸಾರ್ವಜನಿಕ ಕೆಲಸಕ್ಕೆಂದು ಗೋಮಾಳ ಬಿಡಿಸಿಕೊಂಡವರು, ಆಮೇಲೆ ಸುತ್ತ ಮನೆಗಳೆದ್ದ ಮೇಲೆ ಅದನ್ನೇ ಸೈಟು ಮಾಡಿ ಮಾರಿದರೆ ನಾವು ಏನೆನ್ನುತ್ತೇವೆ? ಕಾನೂನಿಗೆ ಸರಿಹೋಗಬಹುದು. ಬಾಯಲ್ಲಿ ಮಾತ್ರ ಒಂದು ಕಹಿ ಉಳಿಯುತ್ತದೆ. ಆ ಕಹಿಯನ್ನು ಅರ್ಥಶಾಸ್ತ್ರ ತೊಳೆಯಲಾರದು ಎಂದೇ ನನ್ನ ಎಣಿಕೆ.

ಈ ಚರ್ಚೆಯೆಲ್ಲ ದೊಡ್ಡವರದಾಯಿತು. ನಮ್ಮ ಮನೆಯಲ್ಲಿ ಬೆಂಕಿ ಹೊತ್ತಿಕೊಂಡದ್ದು ಬೇರೆ ಕಾರಣಕ್ಕೆ.

ಹುಡುಗರ ಊರು ಎದ್ದು ಎರಡು ತಿಂಗಳಾಗಿತ್ತು. ಒಂದು ರಾತ್ರಿ ಕುಣಿಗಲ್ ಕಡೆಯ ಯಾರೋ ಒಬ್ಬ ಒಳಗೆ ಬಂದು ಇವರು ಕಟ್ಟಿದ್ದ ಕೆರೆ ಏರಿ ಒಡೆದು, ಮನೆಗಳಿಗೆ ಬೆಂಕಿ ಇಟ್ಟು ಹೋದ. ಆಟದ ಬೆಂಕಿಯೇ ಆದರೂ ಮಕ್ಕಳ ಎರಡು ತಿಂಗಳ ಕೆಲಸ. ನಮ್ಮ ಹುಡುಗ, ಎಲ್ಲ ಸರ್ವರಿನವರೂ ಮಾಡುವಂತೆ, ಅವನು ಬಂದ ವಿಳಾಸವನ್ನೇ ಬಹಿಷ್ಕಾರ ಹಾಕಿದ. ಹೆಸರು ಹಾಕಿದರೆ ಬೇರೆ ಹೆಸರಿನಲ್ಲಿ ಬರುತ್ತಾರೆ, ವಿಳಾಸ ಹಾಕಿದರೆ ಬಾಗಿಲೇ ಮುಚ್ಚುತ್ತದೆ ಎಂದು ಈ ಪದ್ಧತಿ. ಒಂದು ಸಂಖ್ಯೆಗೆ ಒಂದು ಮನೆ ಇದ್ದ ಕಾಲದ ಪದ್ಧತಿ ಅದು. ಮರುದಿನದಿಂದ ನನ್ನ ನಾದಿನಿಯ ಮಗನಿಗೂ ಬಾಗಿಲು ಬಂದ್. ಒಂದೇ ಕಂಪನಿ, ಒಂದೇ ಹೆಬ್ಬಾಗಿಲು. ಸರ್ವರಿಗೆ ಇಬ್ಬರೂ ಒಬ್ಬರೇ.

ಸಂಜೆಗೆ ನಾದಿನಿಯ ಫೋನು ಬಂತು. "ಏನತ್ತಿಗೆ, ನಿಮ್ಮಣ್ಣನ ಮಗ ನಮ್ಮ ಹುಡುಗನ್ನ ಕಳ್ಳ ಅಂದ್ಕೊಂಡವ್ನಾ? ಅನ್ನ ಮುಟ್ಟದೆ ಮಲಗವ್ನೆ." ನಾನು ತೌರಿನ ಪರ ಮಾತಾಡಿದರೆ ಒಂದು ತಪ್ಪು, ಅವಳ ಪರ ಮಾತಾಡಿದರೆ ಇನ್ನೊಂದು. ಮೂವತ್ತು ವರ್ಷ ಬಾಳಿದ ಮೇಲೂ ಈ ಜಾಗದಲ್ಲಿ ನಿಲ್ಲುವುದು ಸುಲಭವಲ್ಲ, ನಿಮಗೆ ಗೊತ್ತೇ ಇದೆ.

ಗುಬ್ಬಿಗೆ ಫೋನು ಮಾಡಿದೆ. "ಅವನು ಮಾಡಿಲ್ಲ ಅಂತ ನಂಗೂ ಗೊತ್ತು ಅತ್ತೆ. ಆದ್ರೆ ಬ್ಯಾನ್ ತೆಗೆದ್ರೆ ಆ ಕಳ್ಳನೂ ಬರ್ತಾನೆ. ಒಬ್ಬನಿಗೋಸ್ಕರ ಎಂಟು ಜನರ ಕೆಲಸ ಹಾಳಾಗ್ಲಾ?" ಎಂದ.

ಹುಡುಗ ಕೇಳಿದ್ದು ನ್ಯಾಯಶಾಸ್ತ್ರದ ಪ್ರಶ್ನೆ. ತರಗತಿಯಲ್ಲಿ ನಾನು ಬೋರ್ಡಿನ ಕಡೆ ತಿರುಗಿದಾಗ ಯಾರೋ ಶಿಳ್ಳೆ ಹೊಡೆಯುತ್ತಾರೆ. ಯಾರೆಂದು ಗೊತ್ತಿಲ್ಲ. ಇಡೀ ಹಿಂದಿನ ಬೆಂಚನ್ನು ಹೊರಗೆ ನಿಲ್ಲಿಸುವ ಮೇಷ್ಟ್ರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಶಿಳ್ಳೆ ನಿಲ್ಲುತ್ತದೆ, ನಿಜ. ಆದರೆ ತಪ್ಪು ಮಾಡದೆ ನಿಂತ ನಾಲ್ಕು ಮಕ್ಕಳು ಅಂದಿನಿಂದ ಪಾಠವನ್ನು ಬೇರೆ ಥರ ಕೇಳುತ್ತಾರೆ. ನಾನು ಯಾವತ್ತೂ ಹಾಗೆ ನಿಲ್ಲಿಸಿದವಳಲ್ಲ. ಅದಕ್ಕೆ ನನ್ನ ತರಗತಿಯಲ್ಲಿ ಶಿಳ್ಳೆ ಸ್ವಲ್ಪ ಜಾಸ್ತಿಯೇ ಕೇಳಿರಬಹುದು. ಇನ್ನು ಇಲ್ಲಿಯ ಅನ್ಯಾಯ ಒಂದು ಕೈ ಮೇಲು. ಸ್ವಂತ ವಿಳಾಸಕ್ಕೆ ದುಡ್ಡು ಕಟ್ಟಬಲ್ಲವನ ಹೆಸರು ಅವನ ಕೈಯಲ್ಲೇ ಇರುತ್ತದೆ. ವಠಾರದವನ ಮಾನ ಮಾತ್ರ ಗುರುತಿಲ್ಲದ ನೂರು ಜನರ ಕೈಯಲ್ಲಿ. ಬಡವರ ಕೇರಿಯಲ್ಲಿ ಕಳ್ಳತನವಾದರೆ ಕೇರಿಗೆ ಕೇರಿಯನ್ನೇ ಠಾಣೆಗೆ ಕರೆಸುತ್ತಿದ್ದ ಕಥೆಗಳನ್ನು ನಾವು ಕೇಳಿಲ್ಲವೇ?

"ನೀನು ಬಾಡಿಗೆ ಕೊಟ್ಟು ಆ ಊರು ಇಟ್ಟಿರೋದು ಯಾಕೋ? ಎಲ್ಲರೂ ಬರಲಿ ಅಂತ ತಾನೆ? ನಮ್ಮ ಮನೆ ಹೆಬ್ಬಾಗಿಲಲ್ಲಿ ನಿನಗೆ ಮಾಡಿದ್ದನ್ನೇ ನೀನು ಅವನಿಗೆ ಮಾಡಿದೆಯಲ್ಲ" ಎಂದೆ. ಸುಮ್ಮನಾದ. ಫೋನು ಇಟ್ಟುಬಿಟ್ಟನೋ ಎಂದುಕೊಂಡೆ. ಆಮೇಲೆ, "ನೋಡ್ತೀನಿ ಅತ್ತೆ" ಎಂದ.

ನೋಡಿದ. ವಿಳಾಸದ ಬಹಿಷ್ಕಾರ ತೆಗೆದು, ಆಟದಲ್ಲೇ ಇರುವ ಇನ್ನೊಂದು ಏರ್ಪಾಡು ಹಾಕಿದ. ಬರಬಹುದಾದವರ ಹೆಸರುಗಳ ಪಟ್ಟಿ. ಅದರಲ್ಲಿರುವವರು ಎಲ್ಲಿಂದ ಬಂದರೂ ಬರಬಹುದು, ಇಲ್ಲದವರು ಕೇಳಿಕೊಂಡು ಬರಬೇಕು. ಕೆಲಸ ಜಾಸ್ತಿ. ಪ್ರತಿಯೊಬ್ಬರನ್ನೂ ವಿಚಾರಿಸಬೇಕು, ಇವನಾರವನು ಎಂದು ಗೊತ್ತು ಮಾಡಿಕೊಳ್ಳಬೇಕು. ಗುರುತಿಲ್ಲದ ಮಕ್ಕಳು ದಾರಿಯಲ್ಲಿ ಹೋಗುವಾಗ ಇಣುಕಿ ಬರುವ ಸುಖ ಹೋಯಿತು. ಅದೂ ಒಂದು ನಷ್ಟವೇ. ನಾದಿನಿಯ ಮಗ ಮತ್ತೆ ಬಂದ, ಒಡೆದ ಏರಿ ಕಟ್ಟುವುದಕ್ಕೆ ಮೊದಲು ನಿಂತವನೂ ಅವನೇ ಅಂತೆ.

ಇದಕ್ಕೆಲ್ಲ ಪರಿಹಾರವೇ ಇಲ್ಲವೇ ಎಂದರೆ, ಇದೆ. ಅದೂ 1998ರಿಂದಲೇ ಇದೆ. ಐಪಿವಿ6 ಎಂಬ ಹೊಸ ವಿಳಾಸ ಕ್ರಮ. 34ರ ಮುಂದೆ 37 ಸೊನ್ನೆ ಹಾಕಿದರೆ ಎಷ್ಟೋ ಅಷ್ಟು ಸಂಖ್ಯೆಗಳು. ಗುಬ್ಬಿ ಸಂತೆಯ ಒಂದೊಂದು ತೆಂಗಿನಕಾಯಿಗೂ ಒಂದೊಂದು ಕೊಟ್ಟರೂ ಖರ್ಚಾಗದು. ಇದರಲ್ಲಿ ಸೋಜಿಗವೆಂದರೆ, ಪಂಕ್ತಿಗೆ ಕೊನೆಯಲ್ಲಿ ಬಂದ ನಮ್ಮ ದೇಶವೇ ಈಗ ಮುಂದಿನ ಸಾಲಿನಲ್ಲಿದೆ. 2016ರಲ್ಲಿ ಬಂದ ಜಿಯೋದಂಥ ಜಾಲ ಹೊಸ ವಿಳಾಸಗಳ ಮೇಲೇ ಎದ್ದದ್ದು. ಹಳೆಯದು ಸಿಗದವರು ಇನ್ನೇನು ಮಾಡಿಯಾರು? ಇಂದು ಭಾರತದಲ್ಲಿ ಇಂಟರ್‌ನೆಟ್ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಸ ವಿಳಾಸವಿದೆ. ಗುಬ್ಬಿಯ ಮನೆಗೂ ಇತ್ತು, ಹುಡುಗ ಹುಡುಕಿ ಕಂಡುಹಿಡಿದ. ಅದರ ಮೂಲಕ ಹಳೇ ಕಂಪ್ಯೂಟರಿನ ಬಾಗಿಲು ತೆರೆದ. ತುಮಕೂರಿನ ಗೆಳೆಯ ಮೊಬೈಲಿನ ಸಂಪರ್ಕದಿಂದ ಒಂದೇ ಏಟಿಗೆ ಬಂದ. ಯಾವ ಬಾಡಿಗೆಯೂ ಇಲ್ಲ, ಯಾವ ಕಾವಲುಗಾರನೂ ಇಲ್ಲ.

ಕುಣಿಗಲ್ಲಿನವರಿಗೆ ಆಗಲಿಲ್ಲ. ಅವರ ಸಂಪರ್ಕ ಕೊಡುವವರು ಇನ್ನೂ ಹಳೆಯ ಸಂಖ್ಯೆಯಲ್ಲೇ ಇದ್ದಾರೆ. ಹಳೇ ಬೀದಿಯಿಂದ ಹೊಸ ಬೀದಿಗೆ ನೇರ ದಾರಿಯಿಲ್ಲ. ಹೊಸ ಬೀದಿಯಲ್ಲಿ ಎಷ್ಟು ದೊಡ್ಡ ಮನೆ ಕಟ್ಟಿದರೂ ಹಳೇ ಬೀದಿಯವರು ಬರಲಾರರು. ಆದ್ದರಿಂದ ಎಲ್ಲರನ್ನೂ ಕರೆಯಬೇಕೆನ್ನುವವನು ಹಳೇ ಬೀದಿಯಲ್ಲೊಂದು ಜಾಗ ಬಾಡಿಗೆಗೆ ಹಿಡಿಯಲೇಬೇಕು. ಹಳೇ ಬೀದಿಯಲ್ಲಿ ಸ್ವಂತ ಮನೆ ಇರುವವರಿಗೆ ಬಿಡುವ ಅವಸರವಿಲ್ಲ. ಬಾಡಿಗೆ ಬರುತ್ತಿರುವವರಿಗಂತೂ ಮೊದಲೇ ಇಲ್ಲ. ಕಷ್ಟ ಯಾರಿಗಿದೆಯೋ ಅವರಿಗೆ ಬದಲಾಯಿಸುವ ಶಕ್ತಿಯಿಲ್ಲ, ಶಕ್ತಿ ಯಾರಿಗಿದೆಯೋ ಅವರಿಗೆ ಕಷ್ಟವಿಲ್ಲ. ವರದಕ್ಷಿಣೆಯ ಬಗ್ಗೆ ಭಾಷಣ ಬರೆದುಕೊಡುವಾಗ ನಾನು ಮಕ್ಕಳಿಗೆ ಇದೇ ಮಾತು ಬರೆಸಿದ್ದೇನೆ.

ನಮ್ಮ ಹುಡುಗ ಒಂದು ದಿನ ಕೇಳಿದ, "ಹೊಸ ಬೀದಿಗೇ ಹೋಗ್ಬಿಡ್ಲಾ ಅತ್ತೆ? ಬಾಡಿಗೆ ಉಳಿಯುತ್ತೆ. ಕುಣಿಗಲ್ಲಿನವರು ಅವರ ಕಂಪನಿಗೆ ಜಗಳ ಮಾಡಿ ಬರ್ಲಿ." ಎಲ್ಲರೂ ಹೀಗೆ ಹಠ ಹಿಡಿದರೆ ಹಳೇ ಬೀದಿ ಖಾಲಿಯಾಗಿ ಎಲ್ಲರಿಗೂ ಒಳ್ಳೆಯದಾಗಬಹುದು, ತಾತ್ವಿಕವಾಗಿ ಅವನದು ಸರಿ. ಆದರೆ ಅಷ್ಟರವರೆಗೆ ಹೊರಗೆ ನಿಲ್ಲುವುದು ಕುಣಿಗಲ್ಲಿನ ನಾಲ್ಕು ಮಕ್ಕಳು, ಕಂಪನಿಯ ಮಾಲೀಕರಲ್ಲ. ನಾನು ಬೇಡವೆಂದೆ. ಒಪ್ಪಿದನೋ, ಅತ್ತೆಯ ಮಾತು ಮೀರಬಾರದೆಂದು ಸುಮ್ಮನಾದನೋ ಗೊತ್ತಿಲ್ಲ.

ಮುಂಬೈ ಯಂತ್ರದ ಬಾಡಿಗೆ ಕಟ್ಟುವ ದಿನ ಪ್ರತಿ ತಿಂಗಳ ಐದನೇ ತಾರೀಖು. ಅರ್ಧ ನಾನು ಕೊಡುತ್ತೇನೆ, ಹುಡುಗನ ಪರೀಕ್ಷೆ ಮುಗಿಯುವವರೆಗೆ. ಇನ್ನರ್ಧ ಮಕ್ಕಳು ತಲಾ ಇಷ್ಟು ಎಂದು ಹಾಕಿಕೊಳ್ಳುತ್ತಾರೆ. ದುಡ್ಡು ಸೇರಿಸಿಟ್ಟುಕೊಳ್ಳುವ ಕೆಲಸ ನನ್ನ ನಾದಿನಿಯದು. ಹೋದ ತಿಂಗಳು ಗುಬ್ಬಿಯವನ ಪಾಲು ಎರಡು ದಿನ ತಡವಾಯಿತೆಂದು ಅವಳು ನನಗೇ ಫೋನು ಮಾಡಿ ಜೋರು ಮಾಡಿದಳು.